ಕರುಗಿವಿಗೆ ಕೊಟ್ಟ ವೀಳ್ಯ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಆಶ್ರಮವೆಂದರೆ ದೊಡ್ಡದೇನಲ್ಲ. ಒಂದು ಗವಿ, ಅದರ ಮುಂದೆ ಪಡಸಾಲೆ, ಪಕ್ಕದಲ್ಲಿ ಎರಡು ಗುಡಿಸಲು. ಬೆನ್ನಿಗೆ ಬರೀ ಬಂಡೆಗಳ ಬೆಟ್ಟ.

ಅಲ್ಲಿದ್ದ ಗುರುವನ್ನು ಸುತ್ತಲಿನ ಊರಿನವರು ಗವಿಯಜ್ಜ ಎನ್ನುತ್ತಿದ್ದರು. ಗಿಡಮೂಲಿಕೆ ಬಲ್ಲವರು. ಮಾತು ಕಡಿಮೆ. ಆಡಿದರೆ ಕೇಳಿದವನು ಒಂದು ವಾರ ತಲೆ ಕೆರೆದುಕೊಳ್ಳಬೇಕು, ಹಾಗೆ ಆಡುತ್ತಿದ್ದರು.

ಶಿಷ್ಯ ಪಂಪಣ್ಣ. ವಯಸ್ಸು ಮೂವತ್ತು ದಾಟಿತ್ತು. ಅವನ ಅಕ್ಷರ ಮುತ್ತಿನಂತಿತ್ತು. ಮುತ್ತಿನಂತಿದೆ ಎಂಬುದು ಅವನಿಗೂ ಗೊತ್ತಿತ್ತು. ತೊಂದರೆ ಇದ್ದದ್ದು ಅಲ್ಲೇ.

ಅಜ್ಜ ಅವನ ಕೈಗೆ ಒಂದು ಹೊತ್ತಿಗೆ ಕೊಟ್ಟಿದ್ದರು. ಒಂದು ಗಿಡಕ್ಕೆ ಒಂದು ಹಾಳೆ. ಒಂದು ಹಾಳೆಗೆ ಮೂರು ಮನೆ. ರೂಪ, ಬಳಗ, ತವರು.

"ತವರು ಯಾಕ್ರಿ ಅಜ್ಜಾರ? ನೆಲೆ ಅಂತ ಬರದ್ರ ಆಗೂದಿಲ್ಲೇನು?" ಎಂದು ಪಂಪಣ್ಣ ಮೊದಲ ದಿನವೇ ಕೇಳಿದ್ದ.

"ನೆಲೆ ಅಂದ್ರ ಈಗ ನಿಂತ ಜಾಗ. ತವರು ಅಂದ್ರ ಕಷ್ಟ ಬಂದಾಗ ನೆನಪಾಗೂ ಜಾಗ. ತವರು ಅಂತನ ಬರಿ."

ಪಂಪಣ್ಣ ಬರೆದ. ತುಂಬೆ: ಮೊಣಕಾಲೆತ್ತರ, ಚೌಕ ಕಾಂಡ, ಗೆಣ್ಣಿಗೊಂದು ಬಿಳಿ ಹೂವಿನ ಉಂಡೆ, ತವರು, ಮಳೆ ಬಿದ್ದ ಹೊಲದ ಬದು. ಬಂದಳಿಕೆ: ದಪ್ಪ ಎಲೆ, ಕೊಳವೆಯಂಥ ಹೂವು, ತವರು, ಇನ್ನೊಂದು ಮರದ ಹೆಗಲು. ಪಾಪಾಸುಕಳ್ಳಿ: ಎಲೆಯೆಂದು ಕಾಣುವುದೆಲ್ಲ ಕಾಂಡವೇ, ತವರು, ಕಡಲಾಚೆ.

"ಕಡಲಾಚೆ ಎಲ್ಲಿ?" ಎಂದರು ಅಜ್ಜ.

"ಗೊತ್ತಿಲ್ರಿ."

"ಅದಕ್ಕೂ ಮರತಿರಬೇಕು, ಪಾಪ."

ಬಳಗಗಳು ನಾಲ್ಕು ಎಂದು ಅಜ್ಜ ಕಲಿಸಿದ್ದರು. ಅತ್ತಿ, ಆಲದ ಹಾಗೆ ಹೂವು ತೋರಿಸದೆ ಕಾಯಿ ಬಿಡುವವು. ಬೇವು, ಹುಣಸೆಯ ಹಾಗೆ ಹೂವು ತೋರಿಸಿ ಕಾಯಿ ಬಿಡುವವು. ಅಮೃತಬಳ್ಳಿಯ ಹಾಗೆ ಇನ್ನೊಂದನ್ನು ಹಿಡಿದು ಹಬ್ಬುವವು. ಎಳ್ಳು, ನವಣೆಯ ಹಾಗೆ ಕಾಯಿ ಬಿಟ್ಟು ಸಾಯುವವು. ಈ ನಾಲ್ಕರಲ್ಲಿ ಯಾವುದನ್ನು ಎಲ್ಲಿ ಕೂರಿಸಬೇಕೆಂದು ಪಂಪಣ್ಣ ದೂರದಿಂದಲೇ ಹೇಳಬಲ್ಲವನಾದ.

ಕೀಳುವುದಕ್ಕೆ ಮಾತ್ರ ಒಂದು ಕಟ್ಟಳೆಯಿತ್ತು.

ಯಾವ ಗಿಡವನ್ನೂ ಕಂಡ ಕೂಡಲೆ ಕೀಳುವಂತಿಲ್ಲ. ಹಿಂದಿನ ದಿನ ಹೋಗಬೇಕು. ನೆರಳು ಅದರ ಮೇಲೆ ಬೀಳದ ಹಾಗೆ ಕೂರಬೇಕು. ಬುಡದಲ್ಲಿ ಎಲೆ ಅಡಿಕೆ ಇಟ್ಟು, ರೋಗಿಯ ಬಟ್ಟೆಯ ಒಂದೆಳೆ ದಾರವನ್ನು ಕಾಂಡಕ್ಕೆ ಕಟ್ಟಿ, ನಿನ್ನ ರೂಪ ಇಂಥದು, ಬಳಗ ಇಂಥದು, ತವರು ಇಂಥದು, ಇಂಥವರಿಗಾಗಿ ನಾಳೆ ಇಂಥ ಹೊತ್ತಿಗೆ ಬರುತ್ತೇನೆ ಎಂದು ಬಾಯಿಬಿಟ್ಟು ಹೇಳಬೇಕು. ಇದಕ್ಕೆ ವೀಳ್ಯ ಕೊಡುವುದು ಎನ್ನುತ್ತಿದ್ದರು. ಮದುವೆಗೆ ಮಂದಿಯನ್ನು ಕರೆಯುವ ಹಾಗೆ, ಗಿಡವನ್ನೂ ಕರೆಯಬೇಕು.

"ಗಿಡಕ್ಕ ಕಿವಿ ಅದಾವೇನ್ರಿ ಅಜ್ಜಾರ?" ಎಂದು ಪಂಪಣ್ಣ ನಕ್ಕಿದ್ದ.

"ನಿನಗೂ ಅದಾವಲ್ಲ," ಎಂದಿದ್ದರು ಅಜ್ಜ. "ಏನ್ ಉಪಯೋಗ ಆತು?"

ಶ್ರಾವಣದಲ್ಲಿ ಒಂದು ದಿನ ಹರಿಗೋಲಿನ ದುರುಗಪ್ಪ ಒಬ್ಬ ಹೆಂಗಸನ್ನು ದಂಡೆಗೆ ಇಳಿಸಿದ. ಹಸಿರು ಸೀರೆ. ಹತ್ತು ಹೆಜ್ಜೆ ನಡೆದು ಕಲ್ಲಿನ ಮೇಲೆ ಕುಳಿತಳು. ಉಸಿರು ಎಳೆದರೆ ಕೊಳಲು ಊದಿದ ಸದ್ದು ಬರುತ್ತಿತ್ತು.

ಪಂಪಣ್ಣನ ಅಕ್ಕ, ಹುಲಿಗೆವ್ವ.

ತಾಯಿ ಸತ್ತಾಗ ಪಂಪಣ್ಣನಿಗೆ ನಾಲ್ಕು ವರ್ಷ, ಅವಳಿಗೆ ಹನ್ನೊಂದು. ಅವನಿಗೆ ಉಣ್ಣಿಸಿದವಳು, ಮೈ ತೊಳೆದವಳು, ಜ್ವರ ಬಂದರೆ ಮಗ್ಗುಲಲ್ಲಿ ಕುಳಿತವಳು ಅವಳೇ. ಗಂಡ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ.

"ತವರಿಗೆ ಬಂದೀನಿ ತಮ್ಮಾ," ಎಂದಳು. ನಗಲು ಹೋಗಿ ಕೆಮ್ಮಿದಳು.

ಅವರು ಹುಟ್ಟಿದ ಮನೆ ಬಿದ್ದು ಯಾವುದೋ ಕಾಲವಾಗಿತ್ತು. ತವರು ಎಂದರೆ ಈಗ ಪಂಪಣ್ಣ ಒಬ್ಬನೇ.

ಅವಳನ್ನು ಪಡಸಾಲೆಯಲ್ಲಿ ಮಲಗಿಸಿದರು. ಅಜ್ಜ ಅವಳ ಎದೆಗೆ ಕಿವಿಯಿಟ್ಟು ಕೇಳಿದರು. ಬಹಳ ಹೊತ್ತು ಕೇಳಿದರು.

"ಕರುಗಿವಿ ಬೇಕು," ಎಂದರು. "ಬೆಟ್ಟದ ಬಡಗಣ ಮಗ್ಗುಲಿಗೆ ಹೋಗು. ಬಿಸಿಲು ಮುಟ್ಟದ, ಮಂಜು ಮುಟ್ಟೂ ಬಂಡೆ ಬಿರುಕು ಐತಿ. ಅಲ್ಲಿ ಮಾತ್ರ ಇರ್ತೈತಿ. ಎಳಿಗರುವಿನ ಕಿವಿಯಂಥಾವು ಎರಡ ಎಲಿ. ಬ್ಯಾರೆ ಏನೂ ಇರೂದಿಲ್ಲ."

"ಹೊತ್ತಿಗೆಯೊಳಗ ಇಲ್ಲಲ್ರಿ ಅದು?"

"ಇಲ್ಲ. ನನ್ನ ಗುರುಗಳೂ ಬರದಿಲ್ಲ, ನಾನೂ ಬರದಿಲ್ಲ. ಅದನ್ನ ಬರೆಯೂದಲ್ಲ, ಕರೆಯೂದು. ನಡಿ."

ಯಾರೂ ಬರೆಯದ ಗಿಡ! ಅಕ್ಕನ ಸೆರಗಿನಿಂದ ಒಂದೆಳೆ ಹಸಿರು ದಾರ ಕಿತ್ತುಕೊಳ್ಳುವಾಗಲೂ ಪಂಪಣ್ಣನ ಕಿವಿಯಲ್ಲಿ ಆ ಮಾತೇ ಗುಂಯ್‌ಗುಡುತ್ತಿತ್ತು. ಹೊರಡುವಾಗ ಎಲೆ ಅಡಿಕೆಯ ಜೊತೆಗೆ ಹೊತ್ತಿಗೆಯನ್ನೂ ಮಸಿಕುಡಿಕೆಯನ್ನೂ ಬಗಲಿಗೆ ಹಾಕಿಕೊಂಡ.

ಮಧ್ಯಾಹ್ನದೊಳಗೆ ಸಿಕ್ಕಿತು.

ಬಿರುಕಿನಲ್ಲಿ ಒಂದೇ ಒಂದು ಗಿಡ. ಎದುರುಬದುರಾಗಿ ಎರಡು ಎಲೆ, ಮೇಲೆ ನವಿರಾದ ಬಿಳಿ ರೋಮ, ಅಡಿಯಲ್ಲಿ ಎಲೆ ಅಡಿಕೆ ಜಗಿದ ನಾಲಿಗೆಯ ಕೆಂಪು. ನಾಲ್ಕು ಬೆರಳೆತ್ತರದ ನೇರಳೆ ಕಾಂಡ. ಹೂವಿಲ್ಲ, ಮೊಗ್ಗಿಲ್ಲ, ವಾಸನೆಯಿಲ್ಲ.

ಪಂಪಣ್ಣ ಕುಳಿತು ರೂಪ ಬರೆದ. ಒಂದೊಂದು ಅಕ್ಷರವನ್ನೂ ಚೆಂದ ಮಾಡಿ ಬರೆದ. ತವರು ಬರೆದ: ಬಡಗಣ ಬಂಡೆಯ ಬಿರುಕು. ಬಳಗದ ಮನೆಗೆ ಬಂದಾಗ ಕೈ ನಿಂತಿತು. ಇದು ಕಾಯಿ ಬಿಡುವುದೋ ಇಲ್ಲವೋ, ಬಿಟ್ಟು ಸಾಯುವುದೋ ಉಳಿಯುವುದೋ ಹೇಗೆ ಹೇಳುವುದು? ಹಬ್ಬುವುದಂತೂ ಅಲ್ಲ.

ಬಳಗ ಗೊತ್ತಿಲ್ಲದೆ ವೀಳ್ಯ ಕೊಡುವುದು ಹೇಗೆ? ಕಟ್ಟಳೆಯಲ್ಲವೇ? ನಾಳೆ ಹೂಬಿಟ್ಟರೂ ಬಿಟ್ಟೀತು, ನೋಡೋಣ ಎಂದುಕೊಂಡ. ಕಟ್ಟಳೆ ಮನುಷ್ಯನಿಗೆ ಎಷ್ಟು ಅನುಕೂಲದ ವಸ್ತು ನೋಡಿ.

ಸಂಜೆ ಅಕ್ಕ ಕೇಳಿದಳು. "ಸಿಕ್ತೇನೋ ತಮ್ಮಾ?"

"ಇನ್ನೂ ಇಲ್ಲಕ್ಕ."

"ಇರ್ಲಿ ಬಿಡು. ನೀ ಉಂಡಿಯೇನು?"

ಎರಡನೆಯ ದಿನ ಇಡೀ ಹಗಲು ಗಿಡದ ಮುಂದೆ ಕಾದ. ಹೂವಿಲ್ಲ. ಸಂಜೆ ಅಕ್ಕ ಕೇಳಿದಳು, ಅದೇ ಉತ್ತರ ಕೊಟ್ಟ. ಅವಳು ಅದನ್ನೇ ಹೇಳಿದಳು. "ಇರ್ಲಿ ಬಿಡು. ಉಣ್ಣು ಹೋಗು."

ಮೂರನೆಯ ದಿನ ಹುಲಿಗೆವ್ವನ ತುಟಿ ನೀಲಿಗಟ್ಟಿತು. ಪಂಪಣ್ಣ ಆಗ ಬಿದ್ದು ಎದ್ದು ಬೆಟ್ಟ ಹತ್ತಿದ. ಬುಡದಲ್ಲಿ ಎಲೆ ಅಡಿಕೆ ಇಟ್ಟ. ಹಸಿರು ದಾರ ಕಟ್ಟಿದ. "ನಿನ್ನ ಬಳಗ ಗೊತ್ತಿಲ್ಲ," ಎಂದ. "ನಮ್ಮಕ್ಕ ಹುಲಿಗೆವ್ವಗ ಬಾ. ನಾಳೆ ಹೊತ್ತು ಮೂಡೂದರಾಗ ಬರ್ತೀನಿ."

ಅಷ್ಟೇ ಮಾತನ್ನು ಮೊದಲ ದಿನವೂ ಹೇಳಬಹುದಿತ್ತು.

ಬೆಳ್ಳಿ ಮೂಡುವ ಹೊತ್ತಿಗೆ ಹುಲಿಗೆವ್ವ ಹೋದಳು.

ಮಣ್ಣು ಮಾಡಿ ಬಂದು ಪಂಪಣ್ಣ ಗವಿಯ ಬಾಗಿಲಲ್ಲಿ ನಿಂತ. ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟಿತ್ತು.

"ಈ ವೀಳ್ಯ ಗೀಳ್ಯ ಇರದಿದ್ರ ನಿನ್ನೇನ ಕಿತ್ತು ತರ್ತಿದ್ದೆ. ಅಕ್ಕ ಉಳೀತಿದ್ಲು."

ಅಜ್ಜ ಅವನ ಮುಖ ನೋಡಿದರು. "ನಿನ್ನೆ ಸಿಕ್ತೇನು?"

"ಹೌದ್ರಿ. ನಿನ್ನೆ ಸಿಕ್ತು."

"ಬೆರಳಿಗೆ ಮಸಿ ಹತ್ತೈತಿ," ಎಂದರು ಅಜ್ಜ. "ತೊಳ್ಕೊ."

ಐದು ದಿನ ಕಳೆದವು. ಪಂಪಣ್ಣ ಸೌದೆಗೆಂದು ಬೆಟ್ಟದ ಬುಡಕ್ಕೆ ಹೋದ. ಅಲ್ಲಿ ಲಕ್ಕಿಯ ಪೊದೆಗಳ ನಡುವೆ, ಸುಡುಬಿಸಿಲಿನಲ್ಲಿ, ಎರಡು ಎಲೆ.

ಬಿಳಿ ರೋಮ. ಅಡಿಯಲ್ಲಿ ಕೆಂಪು.

ಇನ್ನೊಂದು ಕರುಗಿವಿ ಇದ್ದೀತು ಎಂದುಕೊಂಡ. ತವರಿನ ಮನೆಯಲ್ಲಿ ಇದನ್ನೂ ಸೇರಿಸಬೇಕು ಎಂದು ಬಗ್ಗಿದ. ಕಾಂಡಕ್ಕೆ ಹಸಿರು ದಾರ ಕಟ್ಟಿತ್ತು. ಬುಡದಲ್ಲಿ ಒಣಗಿದ ವೀಳ್ಯದೆಲೆ, ಅದರ ಮೇಲೆ ಅಡಿಕೆ.

ಸೌದೆ ಅಲ್ಲೇ ಬಿಟ್ಟು ಬಂದ.

ಎರಡು ದಿನ ಆ ಕಡೆ ಮುಖ ಹಾಕಲಿಲ್ಲ. ಮೂರನೆಯ ದಿನ ನೀರಿಗೆ ಹೋಗುವ ಕಾಲುದಾರಿಯ ಅಂಚಿನಲ್ಲಿ, ಹೊಳೆಯ ಕಪ್ಪು ಮಣ್ಣಿನಲ್ಲಿ ಅದು ನಿಂತಿತ್ತು. ಸುತ್ತಲಿನ ಮಣ್ಣು ಒಂದಿಷ್ಟೂ ಅಗೆದಿರಲಿಲ್ಲ. ಎರಡೂ ಎಲೆ ಒಂದೇ ಕಡೆಗೆ ಹೊರಳಿದ್ದವು. ಆ ಕಡೆ ಪಂಪಣ್ಣನ ಗುಡಿಸಲಿತ್ತು.

ಕೊಡ ಇಳಿಸಿ ಅವನು ಬಡಗಣ ಬಂಡೆಗೆ ಓಡಿದ. ಬಿರುಕು ಖಾಲಿ. ಅಲ್ಲಿ ಎಂದೂ ಏನೂ ಬೆಳೆದಿರಲೇ ಇಲ್ಲ ಎಂಬಂತೆ ಖಾಲಿ.

"ಅಜ್ಜಾರ, ಕರುಗಿವಿ ಕೆಳಗ ಬಂದೈತ್ರಿ."

ಅಜ್ಜ ನೆಲನೆಲ್ಲಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ. "ಕರದಿದ್ದಿ?"

"ವೀಳ್ಯ ಕೊಟ್ಟಿದ್ದೆ."

"ಹೋಗಿ ಕಿತ್ತಿ?"

"ಇಲ್ರಿ. ಅಷ್ಟರಾಗ ಅಕ್ಕ..."

"ಬರಾಂಗಿಲ್ಲ ಅಂತ ಹೇಳಿ ಬಂದಿ?"

ಇಲ್ಲವೆಂದು ಪಂಪಣ್ಣ ತಲೆಯಾಡಿಸಿದ.

"ಊಟಕ್ಕ ಕರದು ಬಾಗಿಲ ಹಾಕ್ಕೊಂಡು ಕುಂತ್ರ, ಬಂದಾವರು ಏನ್ ಮಾಡ್ತಾರ?"

"ಸಿಟ್ಟಾಗಿ ಹೋಗ್ತಾರ್ರಿ."

"ಅವ್ರು ಮನುಷ್ಯಾರು. ಗಿಡಕ್ಕ ಸಿಟ್ಟು ಗೊತ್ತಿಲ್ಲ. ಬರೂದು ಗೊತ್ತೈತಿ."

"ಬಂದು ಏನ್ ಮಾಡ್ತೈತ್ರಿ?"

"ಯಾರಿಗೆ ಗೊತ್ತು? ಅಲ್ಲೀ ಮಟ ಯಾರೂ ಬರಾಕ ಬಿಟ್ಟಿಲ್ಲ."

ಮಾತು ಹಗುರಾಗಿ ಬಂತು. ಆದರೆ ಅಜ್ಜನ ಕೈ ಆರಿಸುವುದನ್ನು ನಿಲ್ಲಿಸಿತ್ತು. ಅದನ್ನು ಕಂಡು ಪಂಪಣ್ಣನಿಗೆ ಇನ್ನೂ ಭಯವಾಯಿತು.

ಅವನು ಕಾಲುದಾರಿಗೆ ಹೋದ. ಗಿಡದ ಹತ್ತಿರ ಹೋಗಲಿಲ್ಲ, ಹತ್ತು ಮಾರು ದೂರದಲ್ಲೇ ನಿಂತ.

"ಅಕ್ಕ ಸತ್ತಾಳ," ಎಂದು ಕೂಗಿದ. "ನೀ ಬ್ಯಾಡ. ಹೋಗು."

ಗಾಳಿಯಿರಲಿಲ್ಲ. ಎಡಗಡೆಯ ಎಲೆ ಮೆಲ್ಲಗೆ ಅವನ ಕಡೆಗೆ ತಿರುಗಿತು. ದನ ಕರೆದಾಗ ಕಿವಿ ತಿರುಗಿಸುತ್ತದಲ್ಲ, ಹಾಗೆ.

ಮರುದಿನ ಬೆಳಿಗ್ಗೆ ಅಂಗಳದ ತುಂಬೆಗಿಡಗಳ ನಡುವೆ ಕರುಗಿವಿ ಇತ್ತು.

ಅಜ್ಜ ಪಡಸಾಲೆಯ ಮೆಟ್ಟಿಲ ಮೇಲೆ ಕುಳಿತು ಅದನ್ನೇ ನೋಡುತ್ತಿದ್ದರು. "ಏನ್ ಹೇಳಿದಿ ಅದಕ್ಕ?"

"ಅಕ್ಕ ಸತ್ತಾಳ, ನೀ ಹೋಗು ಅಂದೆ."

"ಅರ್ಧಾ ಹೇಳಿದಿ. ಅದೂ ಅರ್ಧಾ ದಾರಿಗೆ ಬಂದು ನಿಂತೈತಿ."

"ಏನರ್ಧಾ ಉಳೀತ್ರಿ? ಸತ್ತದ್ದು ಸತ್ಲು. ಮತ್ತೇನೈತಿ ಹೇಳೂದು?"

"ನನ್ನ ಯಾಕ ಕೇಳ್ತಿ?" ಎಂದರು ಅಜ್ಜ. "ಕೇಳಾಕ ಬಂದದ್ದು ನಾನಲ್ಲ."

ಪಂಪಣ್ಣನಿಗೆ ರೇಗಿತು. ಕಿತ್ತು ಹೊಳೆಗೆ ಎಸೆದುಬಿಡುತ್ತೇನೆ, ಅಲ್ಲಿಗೆ ಪೀಡೆ ತೊಲಗುತ್ತದೆ ಎಂದು ಅಂಗಳಕ್ಕೆ ಇಳಿದ.

"ಕೀಳು," ಎಂದರು ಅಜ್ಜ ಹಿಂದಿನಿಂದ. "ಯಾರಿಗಾಗಿ ಕೀಳ್ತಿ ಅಂತ ಹೇಳಿ ಕೀಳು."

ಅವನು ಎರಡೂ ಎಲೆಗಳನ್ನು ಮುಷ್ಟಿಯಲ್ಲಿ ಹಿಡಿದ. ಇಬ್ಬನಿಯ ಹೊತ್ತು, ಸುತ್ತಲಿನ ತುಂಬೆಯೆಲ್ಲ ತಣ್ಣಗಿತ್ತು. ಕರುಗಿವಿಯ ಎಲೆ ಬಿಸಿಯಾಗಿತ್ತು. ಜ್ವರ ಬಂದವರ ಹಣೆ ಮುಟ್ಟಿದಷ್ಟು ಬಿಸಿ.

ಆ ಬಿಸಿಯನ್ನು ಅವನು ಬಲ್ಲ. ಎರಡು ಸಂಜೆ ಅಕ್ಕನ ಹಣೆಯ ಮೇಲೆ ಕೈಯಿಟ್ಟು, ಇನ್ನೂ ಸಿಕ್ಕಿಲ್ಲಕ್ಕ ಎಂದು ಹೇಳಿದ್ದ.

ಕೈ ಬಿಟ್ಟು ಹಿಂದಕ್ಕೆ ಬಿದ್ದ.

ಆ ದಿನ ಹೊತ್ತಿಗೆ ತೆರೆದರೆ ಕರುಗಿವಿಯ ಹಾಳೆ ನೋಡುವ ಹಾಗಿರಲಿಲ್ಲ. ತವರಿನ ಮನೆಯಲ್ಲಿ ಬಡಗಣ ಬಂಡೆಯ ಬಿರುಕು ಎಂದು ಬರೆದು ಹೊಡೆದುಹಾಕಿದ್ದ. ಬೆಟ್ಟದ ಬುಡ ಎಂದು ಬರೆದು ಹೊಡೆದುಹಾಕಿದ್ದ. ಹೊಳೆಯ ದಾರಿ, ಅದನ್ನೂ ಹೊಡೆದುಹಾಕಿದ್ದ. ಈಗ ಆಶ್ರಮದ ಅಂಗಳ ಎಂದು ಬರೆಯಬೇಕು. ಮುತ್ತಿನಂಥ ಅಕ್ಷರದ ಮೇಲೆ ಎಷ್ಟು ಗೀರು!

ಅಜ್ಜ ಹೆಗಲ ಮೇಲಿಂದ ಇಣುಕಿ ನೋಡಿದರು. "ಒಂದ ಗಿಡಕ್ಕ ಎಷ್ಟೋ ತವರು?"

"ನನಗ ತಿಳೀವಲ್ದು ಅಜ್ಜಾರ. ನಾನು ಇಲ್ಲಿ ಇರೂದಿಲ್ಲ. ಹೊಳಿ ದಾಟಿ ಹೋಗ್ತೀನಿ."

"ಹೋಗಪಾ," ಎಂದರು ಅಜ್ಜ. ತಡೆಯಲಿಲ್ಲ.

ಹೊಳೆ ತುಂಬಿ ಹರಿಯುತ್ತಿತ್ತು. ದುರುಗಪ್ಪ ಹರಿಗೋಲು ತಳ್ಳಿದ. ದಂಡೆ ದೂರವಾದ ಹಾಗೆ ಪಂಪಣ್ಣನ ಎದೆಯ ಭಾರ ಇಳಿಯಿತು. ನೀರಿನ ಮೇಲೆ ಯಾವ ಗಿಡ ನಡೆದೀತು? ಬೇಕಾದರೆ ಅಂಗಳದಲ್ಲೇ ಕಾಯಲಿ, ಒಣಗಲಿ.

"ನಿಮ್ಮ ಅಕ್ಕಾರು ಭಾಳ ಚೊಲೋ ಹೆಣಮಗಳು," ಎಂದ ದುರುಗಪ್ಪ ಹುಟ್ಟು ಹಾಕುತ್ತ. "ಆವತ್ತು ಉಸಿರು ಹತ್ತತಿರಲಿಲ್ಲ, ಆದ್ರೂ ಒಂದ ಸವನ ನಿಮ್ಮದ ಮಾತು. ನಮ್ಮ ತಮ್ಮಗ ಗಿಡದ ಮಾತು ತಿಳೀತೈತಿ, ಅಂವ ಹೇಳಿದ್ರ ಗಿಡಾನೂ ಎದ್ದು ಬರ್ತೈತಿ ಅಂತಿದ್ರು."

ಪಂಪಣ್ಣ ಮುಖ ತಿರುಗಿಸಿ ನೀರು ನೋಡಿದ.

"ಅಲ್ರಿ," ಎಂದ ದುರುಗಪ್ಪ ಮತ್ತೆ. "ಇದೇನ್ರಿ ಇದು? ಹರಿಗೋಲಿನಾಗ ಗಿಡಾ ಹುಟ್ಟೈತಿ!"

ಬಿದಿರ ಹೆಣಿಗೆಗೂ ತೊಗಲಿಗೂ ನಡುವೆ, ಪಂಪಣ್ಣನ ಕಾಲ ಹೆಬ್ಬೆರಳಿನಿಂದ ಒಂದು ಗೇಣು ದೂರದಲ್ಲಿ, ಎರಡು ಎಲೆ ನಿಂತಿದ್ದವು. ಹಸಿರು ದಾರದ ತುದಿ ನೀರಿನಲ್ಲಿ ನೆನೆದಿತ್ತು.

ದುರುಗಪ್ಪ ಕೀಳಲು ಕೈ ಚಾಚಿದ.

"ಮುಟ್ಟಬ್ಯಾಡ!" ಎಂದು ಪಂಪಣ್ಣ ಕೂಗಿದ. ತನ್ನ ದನಿ ತನಗೇ ಗುರುತು ಸಿಗಲಿಲ್ಲ. "ಅದು ನನ್ನ ಹುಡಿಕ್ಕೊಂಡು ಬಂದದ್ದು. ಹಿಂದಕ್ಕ ತಿರುಗಸು ದುರುಗಪ್ಪ. ಹಿಂದಕ್ಕ ತಿರುಗಸು."

ಹರಿಗೋಲು ಒಂದು ಸುತ್ತು ತಿರುಗಿ ಬಂದ ದಂಡೆಗೆ ಹೊರಳಿತು. ಇಳಿಯುವಾಗ ಪಂಪಣ್ಣ ನೋಡಿದ. ಹೆಣಿಗೆಯ ಸಂದಿನಲ್ಲಿ ಗಿಡವಿರಲಿಲ್ಲ.

ಆ ಸಂಜೆ ಅವನು ಉಣ್ಣಲಿಲ್ಲ. ಅಜ್ಜ ಬಟ್ಟಲು ತಂದಿಟ್ಟು ಹೋದರು. ಉಂಡೆಯಾ ಎಂದು ಕೇಳುವವರು ಯಾರೂ ಇರಲಿಲ್ಲ. ಅಕ್ಕ ಸತ್ತ ಮೇಲೆ ಅಂದೇ ಮೊದಲ ಸಲ ಅವಳಿಲ್ಲ ಎಂಬುದು ಅವನಿಗೆ ತಿಳಿದದ್ದು.

ಬೆಳಕು ಹರಿಯಿತು. ಪಂಪಣ್ಣ ಗುಡಿಸಲ ತಟ್ಟಿ ಬಾಗಿಲು ಸರಿಸಿದ.

ಹೊಸ್ತಿಲ ಕಲ್ಲಿನ ಮೇಲೆ ಕರುಗಿವಿ ಇತ್ತು. ಮಣ್ಣಿಲ್ಲ, ಬಿರುಕಿಲ್ಲ, ಬರೀ ಕಲ್ಲು. ಎಲೆಗಳೆರಡೂ ಮೇಲಕ್ಕೆ ಏಳುತ್ತಿದ್ದವು, ಕೆಳಕ್ಕೆ ಇಳಿಯುತ್ತಿದ್ದವು. ಏಳುವಾಗ ಕಷ್ಟಪಟ್ಟು ಏಳುತ್ತಿದ್ದವು. ಇಳಿಯುವಾಗ ಒಂದು ಸಣ್ಣ ಸದ್ದು ಬರುತ್ತಿತ್ತು.

ಕೊಳಲು ಊದಿದ ಸದ್ದು.

ಪಂಪಣ್ಣ ನೆಲಕ್ಕೆ ಕುಳಿತ. ಹೊಸ್ತಿಲ ಒಳಗೆ ಅವನು, ಹೊಸ್ತಿಲ ಮೇಲೆ ಅದು. ನಡುವೆ ಒಂದು ಮೊಳವೂ ಇರಲಿಲ್ಲ. ಓಡಲು ಹಿಂದೆ ಬಾಗಿಲಿರಲಿಲ್ಲ, ಇದ್ದಿದ್ದರೂ ಓಡುತ್ತಿರಲಿಲ್ಲ.

"ಮೂರನೇ ದಿನ ಅಲ್ಲ," ಎಂದ.

ಎಲೆಗಳು ಎದ್ದವು, ಇಳಿದವು.

"ಮೂರನೇ ದಿನ ನೀ ಸಿಕ್ಕದ್ದಲ್ಲ. ಮೊದಲನೇ ದಿನಾನ ಸಿಕ್ಕಿದ್ದಿ. ಮಧ್ಯಾಹ್ನದಾಗ. ನಾನು ನಿನ್ನ ಮುಂದ ಕುಂತು ಬರದೆ. ಯಾರೂ ಬರೀದ ಗಿಡಾ ನಾ ಬರೀತೀನಿ ಅಂತ ಬರದೆ. ಬಳಗ ತಿಳೀವಲ್ದು ಅಂತ ಎರಡನೇ ದಿನಾನೂ ಕುಂತೆ. ಕಟ್ಟಳಿ ಅಂದೆ. ಕಟ್ಟಳಿ ಅಲ್ಲ, ನನಗ ಆಸೆ ಆಗಿತ್ತು. ಅಕ್ಕ ಸಿಕ್ತೇನೋ ಅಂತ ಕೇಳಿದ್ಲು. ಇಲ್ಲಂದೆ. ಮರುದಿನ ಕೇಳಿದ್ಲು, ಇಲ್ಲಂದೆ. ಆಕಿ ನೀ ಉಂಡಿಯೇನು ಅಂದ್ಲು. ನಾ ಉಂಡಿದ್ದೆ. ಅಕ್ಕಾ, ನಾ ಹೊಟ್ಟಿ ತುಂಬ ಉಂಡಿದ್ದೆ. ನೀ ತವರಿಗೆ ಬಂದಿ, ನಾ ಮನಿಯಾಗ ಇರಲಿಲ್ಲ ಅಕ್ಕಾ."

ಅಳು ಬಂತು. ಹತ್ತು ದಿನದಿಂದ ಎಲ್ಲಿತ್ತೋ ಅಷ್ಟೂ ಬಂತು.

ಬಹಳ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು ನೋಡಿದ. ಎಲೆಗಳು ಅಲುಗುತ್ತಿರಲಿಲ್ಲ. ಕಾಂಡದ ಹಸಿರು ದಾರ ತಾನೇ ಬಿಚ್ಚಿಕೊಂಡು ಕಲ್ಲಿನ ಮೇಲೆ ಬಿದ್ದಿತ್ತು.

ಅಂಗಳದಲ್ಲಿ ಅಜ್ಜ ಕೋಲೂರಿಕೊಂಡು ನಿಂತಿದ್ದರು. ಯಾವಾಗ ಬಂದಿದ್ದರೋ.

"ನೀವು ಮೊದಲ ತಿಳದಿದ್ರಿ," ಎಂದ ಪಂಪಣ್ಣ.

"ಒಂದ ದಿನದ ಮಸಿ ಆಗಿರಲಿಲ್ಲ ಅದು," ಎಂದರು ಅಜ್ಜ. "ಎತ್ತಿಕೋ. ಅದನ್ನ ಅದರ ತವರಿಗೆ ಮುಟ್ಟಸೂಣು."

ಪಂಪಣ್ಣ ಹೆಗಲ ಮೇಲಿನ ವಲ್ಲಿ ಹಾಸಿ ಗಿಡವನ್ನು ಎತ್ತಿದ. ಬೇರು ಎಲ್ಲಿಯೂ ಊರಿರಲಿಲ್ಲ. ಬಿಳಿಗೂದಲಿನಂಥ ಬೇರುಗಳು ಅವನೇ ಇಟ್ಟಿದ್ದ ಅಡಿಕೆಯನ್ನು ಬಿಗಿಯಾಗಿ ಸುತ್ತಿ ಹಿಡಿದಿದ್ದವು. ಅಷ್ಟು ದೂರವೂ ಅದನ್ನು ಹಿಡಿದೇ ಬಂದಿತ್ತು. ಎಲೆ ಈಗ ಬಿಸಿಯಿರಲಿಲ್ಲ. ಅವನು ಎಳೆಗೂಸನ್ನು ಎತ್ತಿಕೊಂಡ ಹಾಗೆ ಎದೆಗೆ ಒತ್ತಿಕೊಂಡು ನಡೆದ.

ಅಜ್ಜನೂ ಹತ್ತಿದರು. ಎಂಟು ವರ್ಷದಿಂದ ಬೆಟ್ಟ ಹತ್ತದ ಮಂಡಿ. ನಾಲ್ಕು ಹೆಜ್ಜೆಗೊಮ್ಮೆ ನಿಂತರು. ನಿಂತಾಗಲೆಲ್ಲ ಪಂಪಣ್ಣ ಒಂದು ಮಾತು ಕೇಳಲು ಬಾಯಿ ತೆರೆದು, ಮುಚ್ಚಿದ. ಕೊನೆಗೆ ಕೇಳಿಯೇಬಿಟ್ಟ.

"ಮೊದಲ ದಿನಾನ ವೀಳ್ಯ ಕೊಟ್ಟು, ಮರುದಿನ ತಂದಿದ್ರ ಅಕ್ಕ ಉಳೀತಿದ್ಲೇನ್ರಿ?"

ಅಜ್ಜ ಹೊಳೆಯ ಕಡೆ ನೋಡಿದರು. ಕೆಳಗೆ ಒಂದು ಹರಿಗೋಲು ಸುತ್ತುತ್ತ ಹೋಗುತ್ತಿತ್ತು.

"ನನಗ ಗೊತ್ತಿಲ್ಲ," ಎಂದರು. "ಗೊತ್ತಿದ್ದಿದ್ರ ಸುಳ್ಳರ ಹೇಳ್ತಿದ್ದೆ."

ಬಡಗಣ ಬಂಡೆ ಬಂತು. ಪಂಪಣ್ಣ ತನ್ನ ನೆರಳು ಬೀಳದ ಹಾಗೆ ಮಗ್ಗುಲಿಗೆ ಕುಳಿತು, ಅಡಿಕೆಯ ಸಮೇತ ಗಿಡವನ್ನು ಬಿರುಕಿನಲ್ಲಿಟ್ಟ. ಬೆರಳ ತುದಿಯಿಂದ ಮಣ್ಣು ಸರಿಸಿದ. "ಬರಬೇಕಿತ್ತು, ಬರಲಿಲ್ಲ. ನನ್ನದ ತಪ್ಪು," ಎಂದು ಕೈ ಮುಗಿದ.

ಆಮೇಲೆ ಬಗಲಿನಿಂದ ಹೊತ್ತಿಗೆ ತೆಗೆದ. ಅಜ್ಜ ಬೇಡ ಎನ್ನಲಿಲ್ಲ. ಗೀರುಗಳ ಕೆಳಗೆ, ಉಳಿದಿದ್ದ ಒಂದು ಬೆರಳಷ್ಟು ಜಾಗದಲ್ಲಿ, ಬಡಗಣ ಬಂಡೆಯ ಬಿರುಕು ಎಂದು ಮತ್ತೊಮ್ಮೆ ಬರೆದ. ಅಕ್ಷರ ಸೊಟ್ಟಗೆ ಬಂತು. ತಿದ್ದಲಿಲ್ಲ.

ಒಂದು ಮನೆ ಇನ್ನೂ ಖಾಲಿಯಿತ್ತು.

"ಬಳಗ ಅಂತ ಏನ್ ಬರೀಲ್ರಿ ಅಜ್ಜಾರ? ನಾಕರಾಗ ಇದು ಯಾವುದರಾಗೂ ಕೂಡೂದಿಲ್ಲ."

ಬಿರುಕಿನಲ್ಲಿ ಎರಡು ಎಲೆಗಳು ಮೆಲ್ಲಗೆ ಅಜ್ಜನ ಕಡೆಗೆ ಹೊರಳಿದವು.

"ಕರದಿ, ಬಂತು," ಎಂದರು ಅಜ್ಜ. "ಬಳಗ ಅಂದ್ರ ಮತ್ತೇನೋ?"